ಸೂಪರ್ ಬೌಲ್ ಸಂಜೆಯ ಮನೆಯೂಟ: ಹಿಂದಿನಿಂದ ಎಣಿಸಬೇಕಾದ ಲೆಕ್ಕ

ಹಬ್ಬದ ವ್ಯಾಪಾರದ ಸ್ವಭಾವವನ್ನು ವರ್ತಕ ಬಾಂಧವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಮುನ್ನಾದಿನ ಅಂಗಡಿಗೆ ಬಾರದ ಎಳ್ಳು-ಬೆಲ್ಲದ ಪೊಟ್ಟಣ ಸಂಕ್ರಾಂತಿಯ ಮರುದಿನ ಬಂದರೆ ಅದನ್ನು ಕೇಳುವವರಿರುವುದಿಲ್ಲ. ಸರಕು ಒಂದೇ, ಬೆಲೆ ಒಂದೇ, ಗುಣಮಟ್ಟವೂ ಒಂದೇ. ಕೆಟ್ಟಿರುವುದು ದಿನ ಮಾತ್ರ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯಾವ ಧರ್ಮಕ್ಕೂ ಯಾವ ಪಂಚಾಂಗಕ್ಕೂ ಸೇರದಿದ್ದರೂ ಹಬ್ಬದಂತೆಯೇ ನಡೆಯುವ ಒಂದು ದಿನವಿದೆ. ಅದು ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಡೆಯುವ ಭಾನುವಾರ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ.

ಮೊದಲ ಪಂದ್ಯ 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ನಡೆಯಿತು. 2022ರಿಂದ ಈ ಪಂದ್ಯ ಫೆಬ್ರವರಿಯ ಎರಡನೇ ಭಾನುವಾರ ನಡೆಯುತ್ತ ಬಂದಿದೆ. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಪಂದ್ಯವನ್ನು ಸರಾಸರಿ 12.77 ಕೋಟಿ ಜನ ವೀಕ್ಷಿಸಿದರು. ಕ್ರೀಡಾಂಗಣದಲ್ಲಿ ಕುಳಿತು ನೋಡುವವರು ಕೆಲವು ಹತ್ತು ಸಾವಿರ ಮಂದಿ. ಉಳಿದವರು ಬಹುಮಟ್ಟಿಗೆ ಮನೆಗಳಲ್ಲಿ, ಬಂಧುಮಿತ್ರರೊಡನೆ ಸೇರಿ ತಿನ್ನುತ್ತ ಕುಡಿಯುತ್ತ ನೋಡುವವರು. ಅಲ್ಲಿನ ರಾಷ್ಟ್ರೀಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ 2025ರ ಸಮೀಕ್ಷೆಯ ಅಂದಾಜಿನಂತೆ ಈ ದಿನಕ್ಕಾಗಿ ಗ್ರಾಹಕರು ಮಾಡುವ ಒಟ್ಟು ವೆಚ್ಚ ಸುಮಾರು 1,860 ಕೋಟಿ ಡಾಲರ್.

ಈ ವೆಚ್ಚದ ಮೂಲ ಒಬ್ಬ ಗೃಹಿಣಿಯ ಅಥವಾ ಗೃಹಸ್ಥನ ಕೈಯಲ್ಲಿರುವ ಚೀಟಿ. ಆ ಚೀಟಿ ಹೇಗೆ ಸಿದ್ಧವಾಗುತ್ತದೆ, ಅದರಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ಅರಿತ ಉದ್ದಿಮೆಗಳು ಲಾಭ ಗಳಿಸಿವೆ. ನಮ್ಮ ರಾಜ್ಯದ ಹೊಲದಿಂದ, ಕಾರ್ಖಾನೆಯಿಂದ ಹೊರಟ ಸರಕೂ ಆ ಮೇಜಿಗೆ ತಲುಪುತ್ತಿರುವುದರಿಂದ ಈ ಚೀಟಿಯನ್ನು ನಾವೂ ಓದಿ ನೋಡುವುದು ಉಚಿತ.

ಗಡಿಯಾರವೇ ಯಜಮಾನ

ಪಂದ್ಯದ ಆಟದ ಅವಧಿ ತಲಾ 15 ನಿಮಿಷಗಳ ನಾಲ್ಕು ಭಾಗ, ಅಂದರೆ 60 ನಿಮಿಷ. ಆದರೆ ನಿಲುಗಡೆ, ಜಾಹೀರಾತು, ನಡುವಿನ ಸಂಗೀತ ಕಾರ್ಯಕ್ರಮ ಎಲ್ಲವೂ ಸೇರಿ ಪ್ರಸಾರ ಮೂರೂವರೆಯಿಂದ ನಾಲ್ಕು ಗಂಟೆಗಳವರೆಗೆ ಸಾಗುತ್ತದೆ. ಪೂರ್ವ ಕರಾವಳಿಯಲ್ಲಿ ಆರಂಭ ಸಂಜೆ 6.30ಕ್ಕೆ, ಪಶ್ಚಿಮ ಕರಾವಳಿಯಲ್ಲಿ ಅದೇ ಕ್ಷಣ ಮಧ್ಯಾಹ್ನ 3.30. ಹೀಗಾಗಿ ಒಂದೇ ಪಂದ್ಯ ನ್ಯೂಜೆರ್ಸಿಯ ಮನೆಯಲ್ಲಿ ರಾತ್ರಿಯೂಟವಾದರೆ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಸಂಜೆಯ ಉಪಾಹಾರವಾಗುತ್ತದೆ. ಎರಡೂ ಕಡೆಯ ಬೇಡಿಕೆ ಒಂದೇ ಎಂದು ಭಾವಿಸಿದ ವಿತರಕ ಒಂದು ಕಡೆ ಕೊರತೆಯನ್ನೂ ಇನ್ನೊಂದು ಕಡೆ ಉಳಿಕೆಯನ್ನೂ ಎದುರಿಸಬೇಕಾಗುತ್ತದೆ.

ಸಾಮಾನ್ಯವಾಗಿ ದೂರದರ್ಶನದ ಮುಂದೆ ಕುಳಿತವರು ಜಾಹೀರಾತು ಬಂದಾಗ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಸೂಪರ್ ಬೌಲ್‌ನಲ್ಲಿ ಹಾಗಾಗುವುದಿಲ್ಲ. 30 ಸೆಕೆಂಡುಗಳ ಜಾಹೀರಾತಿಗೆ 2025ರಲ್ಲಿ 80 ಲಕ್ಷ ಡಾಲರ್‌ವರೆಗೆ ದರವಿತ್ತೆಂದು ವರದಿಯಾಗಿತ್ತು. ಅಷ್ಟು ಖರ್ಚಿನಿಂದ ತಯಾರಾದ ಜಾಹೀರಾತುಗಳನ್ನು ನೋಡಲೆಂದೇ ಕುಳಿತಿರುವವರು ಬಹಳ. ಮಧ್ಯಂತರದಲ್ಲಿ ಪ್ರಸಿದ್ಧ ಗಾಯಕರ ಕಾರ್ಯಕ್ರಮವಿರುವುದರಿಂದ ಆಗಲೂ ಜನ ಏಳುವುದಿಲ್ಲ. ಎಲ್ಲರೂ ಒಟ್ಟಿಗೆ ಎದ್ದು ಪಂಕ್ತಿಯಲ್ಲಿ ಕುಳಿತು ಉಣ್ಣುವ ಹೊತ್ತೆಂಬುದೇ ಈ ಸಂಜೆಗಿಲ್ಲ.

ಇದರ ಪರಿಣಾಮ ನೇರವಾಗಿ ಆಹಾರದ ಆಯ್ಕೆಯ ಮೇಲೆ ಆಗುತ್ತದೆ. ಬಡಿಸುವವರು ಬೇಕಾಗುವ ತಿನಿಸು ನಡೆಯದು. ಚಾಕು-ಮುಳ್ಳುಚಮಚ ಬೇಕಾಗುವ ತಿನಿಸೂ ನಡೆಯದು. ಒಂದು ಕೈಯಲ್ಲಿ ಹಿಡಿದು, ಕಣ್ಣು ಪರದೆಯ ಮೇಲಿಟ್ಟು ತಿನ್ನುವಂತಿರಬೇಕು. ಮುಕ್ಕಾಲು ಗಂಟೆ ಮೇಜಿನ ಮೇಲಿದ್ದರೂ ರುಚಿ ಕೆಡಬಾರದು. ತಡವಾಗಿ ಬಂದ ಅತಿಥಿಗೂ ಸಿಗುವಂತಿರಬೇಕು. ಕೋಳಿಯ ರೆಕ್ಕೆ, ಜೋಳದ ಹಾಗೂ ಆಲೂಗಡ್ಡೆಯ ಚಿಪ್ಸ್, ಅದ್ದಿಕೊಳ್ಳುವ ಗೊಜ್ಜುಗಳು, ಪಿಜ್ಜಾ, ಸಣ್ಣ ಬರ್ಗರ್‌ಗಳು, ಬಟ್ಟಲಿನಲ್ಲಿ ಕೊಡಬಹುದಾದ ಚಿಲ್ಲಿ ಎಂಬ ಗಟ್ಟಿ ಸಾರು, ಇವು ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಪದಾರ್ಥಗಳು.

ಹನ್ನೆರಡು ಅತಿಥಿಗಳ ಚೀಟಿ

ಹನ್ನೆರಡು ಜನರನ್ನು ಕರೆದಿರುವ ಮನೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವರಲ್ಲಿ ಎಂಟು ಮಂದಿ ಮಾಂಸಾಹಾರಿಗಳು, ನಾಲ್ವರು ಸಸ್ಯಾಹಾರಿಗಳು. ಅನುಭವಸ್ಥರು ಹಾಕುವ ಲೆಕ್ಕ ಸ್ಥೂಲವಾಗಿ ಹೀಗಿರುತ್ತದೆ:

— ಕೋಳಿಯ ರೆಕ್ಕೆ: ಒಬ್ಬರಿಗೆ 8 ತುಂಡುಗಳಂತೆ 64 ತುಂಡು. ಒಂದು ರೆಕ್ಕೆಯನ್ನು ಕೀಲಿನಲ್ಲಿ ಕತ್ತರಿಸಿದರೆ ತಿನ್ನಲು ಬರುವ ತುಂಡು ಎರಡು. ಆದ್ದರಿಂದ 32 ರೆಕ್ಕೆ, ತೂಕದಲ್ಲಿ ಸುಮಾರು 3ರಿಂದ 3.5 ಕಿಲೋ.

— ಚಿಪ್ಸ್: ಒಬ್ಬರಿಗೆ 60 ಗ್ರಾಂನಂತೆ 720 ಗ್ರಾಂ, ಎಂದರೆ ದೊಡ್ಡ ಪೊಟ್ಟಣ ಮೂರು.

— ಬೆಣ್ಣೆಹಣ್ಣಿನ ಗೊಜ್ಜು, ಅಂದರೆ ಗ್ವಾಕಮೋಲೆ: ಆರು ಹಣ್ಣು. ಹಣ್ಣನ್ನು ಗಟ್ಟಿಯಾಗಿರುವಾಗಲೇ ನಾಲ್ಕೈದು ದಿನ ಮೊದಲು ಕೊಂಡು ಕಾಗದದ ಚೀಲದಲ್ಲಿ ಬಾಳೆಹಣ್ಣಿನೊಡನೆ ಇಟ್ಟರೆ ಸಮಯಕ್ಕೆ ಮಾಗುತ್ತದೆ. ಶನಿವಾರ ಸಂಜೆ ಅಂಗಡಿಯಲ್ಲಿ ಮಾಗಿದ ಹಣ್ಣು ಸಿಗುವುದೆಂದು ನಂಬುವುದು ಕಷ್ಟ.

— ಚಿಲ್ಲಿ: ಒಬ್ಬರಿಗೆ 250 ಮಿಲಿಲೀಟರ್‌ನಂತೆ 3 ಲೀಟರ್. ಸಸ್ಯಾಹಾರಿಗಳಿದ್ದರೆ ಮಾಂಸವಿಲ್ಲದೆ ರಾಜ್ಮಾ ಹಾಕಿ ಬೇರೆ ಪಾತ್ರೆಯಲ್ಲಿ ಮಾಡಬೇಕು. ಒಣ ರಾಜ್ಮಾವನ್ನು ಮಂದ ಉರಿಯ ವಿದ್ಯುತ್ ಪಾತ್ರೆಗೆ ನೇರವಾಗಿ ಹಾಕಬಾರದು. ನೆನೆಸಿ, ನೀರು ಬದಲಿಸಿ, ಕನಿಷ್ಠ 30 ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಹಾಕಬೇಕು. ಇಲ್ಲವಾದರೆ ಕಾಳಿನಲ್ಲಿರುವ ನೈಸರ್ಗಿಕ ವಿಷಾಂಶ ಉಳಿದು ವಾಂತಿ-ಭೇದಿಗೆ ಕಾರಣವಾಗಬಹುದು.

— ಪಾನೀಯ: ಮೊದಲ ಗಂಟೆಗೆ ಒಬ್ಬರಿಗೆ ಎರಡು, ನಂತರ ಗಂಟೆಗೊಂದು. ನಾಲ್ಕು ಗಂಟೆಗೆ ತಲಾ ಐದರಂತೆ 60 ಲೋಟ ಅಥವಾ ಡಬ್ಬಿ. ಇದರಲ್ಲಿ ಅರ್ಧದಷ್ಟಾದರೂ ಮದ್ಯರಹಿತವಾಗಿರಬೇಕು.

— ಮಂಜುಗಡ್ಡೆ: ಲೋಟಕ್ಕೆ ಹಾಕಲು ಮಾತ್ರವಾದರೆ ಒಬ್ಬರಿಗೆ ಅರ್ಧ ಕಿಲೋ, ಡಬ್ಬಿಗಳನ್ನು ತಣಿಸಲೂ ಬೇಕಾದರೆ ಒಂದು ಕಿಲೋ. ಎಲ್ಲ ಯೋಜನೆಯಲ್ಲೂ ಮರೆತುಹೋಗುವ ವಸ್ತು ಇದೇ.

ಪಂದ್ಯ ಸಮಬಲವಾಗಿ ಹೆಚ್ಚುವರಿ ಅವಧಿಗೆ ಹೋಗುವ ಸಾಧ್ಯತೆಯನ್ನೂ ಗಮನದಲ್ಲಿಡಬೇಕು. 2017ರಲ್ಲಿ ಮತ್ತು 2024ರಲ್ಲಿ ಹಾಗೆಯೇ ಆಯಿತು. ಅಂತಹ ಹೊತ್ತಿಗೆ ಅತಿಥಿಗಳು ಏಳುವುದಿಲ್ಲ, ಆದರೆ ಪಾತ್ರೆಗಳು ಬರಿದಾಗಿರುತ್ತವೆ. ತೆರೆಯದ ಒಂದು ಪೊಟ್ಟಣ ಚಿಪ್ಸ್, ಒಂದು ಶೀಶೆ ಉಪ್ಪಿನಕಾಯಿ, ಒಂದಿಷ್ಟು ಹುರಿದ ಕಡಲೆಕಾಯಿ ಹಿಂದೆ ಇಟ್ಟುಕೊಂಡವರು ಮಾತು ಉಳಿಸಿಕೊಳ್ಳುತ್ತಾರೆ. ಬಳಕೆಯಾಗದಿದ್ದರೂ ಇವು ಕೆಡುವ ವಸ್ತುಗಳಲ್ಲ. ಕೆಡದ ಸರಕನ್ನು ಕಾಯ್ದಿರಿಸಿ, ಕೆಡುವ ಸರಕನ್ನು ಲೆಕ್ಕಕ್ಕೆ ತಕ್ಕಷ್ಟೇ ತರುವುದು ಅಂಗಡಿಗೂ ಅನ್ವಯಿಸುವ ನೀತಿ.

ಎರಡು ಗಂಟೆಯ ನಿಯಮ

ನಾಲ್ಕು ಗಂಟೆಗಳ ಕೂಟದಲ್ಲಿ ಅತಿ ಹೆಚ್ಚು ಅಪಾಯವಿರುವುದು ಆಹಾರ ಸುರಕ್ಷತೆಯಲ್ಲಿ. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಬೇಗ ಕೆಡುವ ಆಹಾರವನ್ನು 4ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಇಡಬಾರದು. ಈ ವ್ಯಾಪ್ತಿಯಲ್ಲಿ ರೋಗಾಣುಗಳು ಶೀಘ್ರವಾಗಿ ವೃದ್ಧಿಯಾಗುತ್ತವೆ. ಪಂದ್ಯದ ಅವಧಿ ಇದರ ಇಮ್ಮಡಿ. ಆದ್ದರಿಂದ ಎಲ್ಲವನ್ನೂ ಆರಂಭದಲ್ಲಿಯೇ ಮೇಜಿನ ಮೇಲೆ ಹರಡುವ ಪದ್ಧತಿ ತಪ್ಪು.

ಸರಿಯಾದ ಕ್ರಮವೆಂದರೆ ಪ್ರತಿಯೊಂದು ಪದಾರ್ಥವನ್ನೂ ಎರಡು ಪಾಲು ಮಾಡುವುದು. ಮೊದಲ ಪಾಲು ಆರಂಭಕ್ಕೆ. ಎರಡನೆಯದು ಮಧ್ಯಂತರಕ್ಕೆ, ಹೊಸ ತಟ್ಟೆಯಲ್ಲಿ. ಹಳೆಯ ತಟ್ಟೆಗೆ ಹೊಸದನ್ನು ಸುರಿಯಬಾರದು. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟುವವರೆಗೆ ಬೇಯಬೇಕು. ಚಿಲ್ಲಿಯನ್ನು 60 ಡಿಗ್ರಿಗೂ ಮೇಲೆ ಬಿಸಿಯಾಗಿಯೇ ಇಡಬೇಕು. ಗೊಜ್ಜಿನ ಬಟ್ಟಲನ್ನು ಮಂಜುಗಡ್ಡೆ ತುಂಬಿದ ದೊಡ್ಡ ಬಟ್ಟಲಿನಲ್ಲಿ ಕೂರಿಸಬೇಕು. ಹೆಪ್ಪುಗಟ್ಟಿದ ರೆಕ್ಕೆಗಳನ್ನು ಹೊರಗಿಟ್ಟು ಕರಗಿಸದೆ ಶೀತಪೆಟ್ಟಿಗೆಯಲ್ಲಿಯೇ ಕರಗಿಸಬೇಕು. ಮೂರೂವರೆ ಕಿಲೋಗೆ ಒಂದೂವರೆಯಿಂದ ಎರಡು ದಿನ ಬೇಕು. ಅಂದರೆ ಭಾನುವಾರದ ಅಡುಗೆ ಶುಕ್ರವಾರವೇ ಆರಂಭವಾಗಬೇಕು.

ಪಾನೀಯದ ವಿಷಯದಲ್ಲಿ ಎರಡು ಮಾತು. ಅಮೆರಿಕದಲ್ಲಿ ಮದ್ಯಪಾನಕ್ಕೆ ಕನಿಷ್ಠ ವಯಸ್ಸು 21. ಅತಿಥಿಗಳಲ್ಲಿ ಹೆಚ್ಚಿನವರು ತಾವೇ ಕಾರು ಓಡಿಸಿಕೊಂಡು ಹಿಂದಿರುಗುವವರು. ಪಂದ್ಯ ಮುಗಿದ ರಾತ್ರಿಯ ರಸ್ತೆ ಸುರಕ್ಷತೆಗಾಗಿ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ಪ್ರತ್ಯೇಕ ಪ್ರಚಾರ ನಡೆಸುತ್ತದೆ. ವಿವೇಕಿಯಾದ ಆತಿಥೇಯ ಕೊನೆಯ ಭಾಗದ ಆಟ ಆರಂಭವಾಗುತ್ತಿದ್ದಂತೆ ಮದ್ಯವನ್ನು ಒಳಗಿಟ್ಟು ಕಾಫಿಯನ್ನೂ ಸಿಹಿಯನ್ನೂ ಹೊರತರುತ್ತಾನೆ. ಮದ್ಯರಹಿತ ಪಾನೀಯಕ್ಕೆ ಅಲ್ಲಿ ಅವಕಾಶ ತೆರೆದುಕೊಳ್ಳುವುದು ಈ ಹಂತದಲ್ಲಿ.

ರೆಕ್ಕೆ ಮತ್ತು ಬೆಣ್ಣೆಹಣ್ಣು ಕಲಿಸಿದ ಪಾಠ

ಇಂದು ಈ ಮೇಜಿನ ರಾಜನೆನಿಸಿರುವ ಕೋಳಿಯ ರೆಕ್ಕೆ ಒಂದು ಕಾಲದಲ್ಲಿ ಸಾರಿಗೆ ಹಾಕುವ ಅಗ್ಗದ ಭಾಗವಾಗಿತ್ತು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಆಂಕರ್ ಬಾರ್‌ನಲ್ಲಿ ಟೆರೆಸಾ ಬೆಲಿಸಿಮೊ ಎಂಬುವರು ಅದನ್ನು ಕರಿದು ಖಾರದ ಬೆಣ್ಣೆಯಲ್ಲಿ ಹೊರಳಿಸಿ ಕೊಟ್ಟರೆಂದು ಪ್ರತೀತಿ. 2025ರ ಪಂದ್ಯದ ದಿನಗಳಲ್ಲಿ ಅಮೆರಿಕನ್ನರು 147 ಕೋಟಿ ರೆಕ್ಕೆಗಳನ್ನು ತಿನ್ನುವರೆಂದು ಅಲ್ಲಿನ ರಾಷ್ಟ್ರೀಯ ಕೋಳಿ ಮಂಡಳಿ ಅಂದಾಜು ಮಾಡಿತ್ತು. ಒಂದು ಕೋಳಿಗೆ ಇರುವುದು ಎರಡೇ ರೆಕ್ಕೆ. ಒಂದು ಭಾನುವಾರದ ರೆಕ್ಕೆಗಾಗಿ ಆ ವಾರ ಹೆಚ್ಚು ಕೋಳಿ ಕೊಯ್ದರೆ ಉಳಿದ ಮಾಂಸವನ್ನು ಮಾರುವುದೆಲ್ಲಿ? ಆದ್ದರಿಂದ ಹಿಂದಿನ ತಿಂಗಳುಗಳಲ್ಲಿಯೇ ರೆಕ್ಕೆಗಳನ್ನು ಶೀತಲಗೃಹಗಳಲ್ಲಿ ಕೂಡಿಡಲಾಗುತ್ತದೆ.

ರೆಕ್ಕೆ ದುಬಾರಿಯಾದಾಗ ಎದೆಯ ಮಾಂಸವನ್ನು ಸಣ್ಣಗೆ ಕತ್ತರಿಸಿ ‘ಮೂಳೆರಹಿತ ರೆಕ್ಕೆ’ ಎಂಬ ಹೆಸರಿನಲ್ಲಿ ಮಾರುವ ಉಪಾಯ ಬಳಕೆಗೆ ಬಂದಿತು. ಆ ಹೆಸರಿನಿಂದ ವ್ಯಾಜ್ಯವೂ ಹುಟ್ಟಿತು. ಮೂಳೆ ಗಂಟಲಿಗೆ ಸಿಕ್ಕಿಕೊಂಡ ಗ್ರಾಹಕರೊಬ್ಬರ ದಾವೆಯಲ್ಲಿ ಓಹಾಯೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ‘ಮೂಳೆರಹಿತ’ ಎಂಬುದು ಅಡುಗೆಯ ಶೈಲಿಯ ಹೆಸರೇ ಹೊರತು ಮೂಳೆ ಇಲ್ಲವೆಂಬ ಖಾತರಿಯಲ್ಲವೆಂದು 4-3ರ ಬಹುಮತದಿಂದ ತೀರ್ಪಿತ್ತಿತು. ವ್ಯಾಪಾರಿ ಗೆದ್ದರೂ ಮೂವರು ನ್ಯಾಯಮೂರ್ತಿಗಳು ಭಿನ್ನಮತ ವ್ಯಕ್ತಪಡಿಸಿದರೆಂಬುದನ್ನು ಮರೆಯಬಾರದು. ಪೊಟ್ಟಣದ ಮೇಲಿನ ಪ್ರತಿಯೊಂದು ಪದಕ್ಕೂ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗಿ ಬರಬಹುದು.

ಬೆಣ್ಣೆಹಣ್ಣಿನ ಕಥೆ ಇನ್ನೂ ಬೋಧಪ್ರದ. ಕೀಟಬಾಧೆಯ ಕಾರಣದಿಂದ 1914ರಲ್ಲಿ ಅಮೆರಿಕ ಮೆಕ್ಸಿಕೊದ ಹಣ್ಣನ್ನು ನಿಷೇಧಿಸಿತ್ತು. 1997ರಲ್ಲಿ ಈಶಾನ್ಯ ಭಾಗದ 19 ರಾಜ್ಯಗಳಿಗೆ, ಅದೂ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ, ಬಾಗಿಲು ತೆರೆಯಿತು. ಕೀಟ ಹರಡದ ಚಳಿಗಾಲವೆಂದು ಕೊಟ್ಟ ಈ ನಾಲ್ಕು ತಿಂಗಳೊಳಗೆ ಸೂಪರ್ ಬೌಲ್ ಕೂಡ ಬೀಳುತ್ತಿತ್ತು. 2007ರ ವೇಳೆಗೆ ಎಲ್ಲ ರಾಜ್ಯಗಳಿಗೂ ವರ್ಷವಿಡೀ ಅವಕಾಶ ದೊರೆಯಿತು. 2015ರಲ್ಲಿ ಮೆಕ್ಸಿಕೊದ ಬೆಳೆಗಾರರ ಮತ್ತು ಆಮದುದಾರರ ಸಂಘಟನೆ ಪಂದ್ಯದ ಪ್ರಸಾರದಲ್ಲಿ ಜಾಹೀರಾತನ್ನೇ ನೀಡಿತು. ಒಬ್ಬ ಬೆಳೆಗಾರನಿಂದ ಆಗದ ವೆಚ್ಚ ಸಂಘದಿಂದ ಆಯಿತು.

2022ರ ಫೆಬ್ರವರಿಯಲ್ಲಿ ಮಿಚೋಕಾನ್ ಪ್ರಾಂತದಲ್ಲಿ ತಪಾಸಣಾಧಿಕಾರಿಯೊಬ್ಬರಿಗೆ ಬೆದರಿಕೆ ಬಂದುದರಿಂದ ಅಮೆರಿಕ ಆಮದನ್ನು ಸುಮಾರು ಒಂದು ವಾರ ಸ್ಥಗಿತಗೊಳಿಸಿತು. ಆ ಸ್ಥಗಿತ ಪಂದ್ಯದ ವಾರಾಂತ್ಯದಲ್ಲಿಯೇ ಬಂದರೂ ಪಂದ್ಯದ ಹಣ್ಣು ಆ ವೇಳೆಗಾಗಲೇ ಗಡಿ ದಾಟಿ ಅಂಗಡಿ ಸೇರಿತ್ತು. ಹಿಂದಿನಿಂದ ಎಣಿಸಿ ಮೊದಲೇ ಕಳುಹಿಸಿದ್ದವರು ಪಾರಾದರು.

ಆ ಮೇಜಿನ ಮೇಲೆ ಕರ್ನಾಟಕದ ಪಾಲು

ಬರ್ಗರ್‌ನೊಳಗಿನ ಹುಳಿ ಸೌತೆಯ ಬಿಲ್ಲೆ, ಸಾಸೇಜಿನ ಮೇಲೆ ಸವರುವ ಸೌತೆಯ ಕುಟ್ಟು, ತಟ್ಟೆಯ ಬದಿಯ ಇಡೀ ಉಪ್ಪಿನ ಸೌತೆ, ಇವುಗಳಿಲ್ಲದ ಪಂದ್ಯದ ಕೂಟ ವಿರಳ. ಈ ಮಿಡಿಸೌತೆಯನ್ನು ರಫ್ತಿಗಾಗಿಯೇ ಬೆಳೆಯುವ ಪದ್ಧತಿ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಮೊದಲಾಗಿ ಆನಂತರ ತಮಿಳುನಾಡು, ಆಂಧ್ರಪ್ರದೇಶಗಳಿಗೆ ಹರಡಿತು. ಕೃಷಿ ಮತ್ತು ಸಂಸ್ಕರಿತ ಆಹಾರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ ಅಪೆಡಾ 2022ರ ಜನವರಿಯಲ್ಲಿ ನೀಡಿದ ಮಾಹಿತಿಯಂತೆ 2020-21ರಲ್ಲಿ ಭಾರತ 2,23,515 ಟನ್ ಮಿಡಿಸೌತೆಯನ್ನು ರಫ್ತು ಮಾಡಿ 22.3 ಕೋಟಿ ಡಾಲರ್ ಗಳಿಸಿತು. ಗುತ್ತಿಗೆ ಬೇಸಾಯದಡಿ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಿದ್ದರು. 90 ದಿನಗಳ ಒಂದು ಬೆಳೆಗೆ ಎಕರೆಗೆ ಸರಾಸರಿ 4 ಟನ್ ಇಳುವರಿ, 80,000 ರೂ. ಆದಾಯ, ಖರ್ಚು ಕಳೆದು 40,000 ರೂ. ಎಂಬುದು ಅದೇ ಮಾಹಿತಿಯ ಲೆಕ್ಕ. ಈ ರಫ್ತು ಯುರೋಪು, ರಷ್ಯ ಮೊದಲಾದೆಡೆಗೂ ಹೋಗುತ್ತದೆ. ಆದರೂ ಅಮೆರಿಕ ಮುಖ್ಯ ಗ್ರಾಹಕರಲ್ಲೊಂದು.

ಇನ್ನೊಂದು ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಕೆಂಪು ಗಾಢ ಎಂಬುದೇ ಅದರ ಹೆಗ್ಗಳಿಕೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸತ್ವ ಆಹಾರಗಳಿಗೆ ನೈಸರ್ಗಿಕ ಕೆಂಪು ನೀಡಲು ಬಳಕೆಯಾಗುತ್ತದೆ. ಕೃತಕ ಬಣ್ಣದ ವಿರುದ್ಧ ಜನಾಭಿಪ್ರಾಯ ಬಲವಾಗುತ್ತಿರುವ ಕಾಲದಲ್ಲಿ ಇದರ ಬೆಲೆ ತಿಳಿಯಬೇಕು. ನಮ್ಮಲ್ಲಿಯೇ 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅಮೆರಿಕದ ಪಂದ್ಯದ ಮೇಜಿನ ಮೇಲೆ ಸಸ್ಯಾಹಾರಿಗಳಿಗೆಂದು ಇಡುವ ‘ಹೂಕೋಸಿನ ರೆಕ್ಕೆ’ ನಮ್ಮ ಗೋಬಿಯ ಸಮೀಪದ ಬಂಧು. ಎರಡಕ್ಕೂ ಬೇಕಾದುದು ಕೆಂಪು ಬಣ್ಣ, ಮತ್ತು ಆ ಬಣ್ಣದ ಮೇಲೆ ನಂಬಿಕೆ.

ಮೂರನೆಯದಾಗಿ, ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಾಂಗ್ರೆಸ್ ಕಡಲೆಕಾಯಿ ಇವೆಲ್ಲ ಕೈಯಲ್ಲಿ ಹಿಡಿದು ತಿನ್ನುವಂತಹವು, ಮೇಜಿನ ಮೇಲೆ ಕೆಡದಂತಹವು, ಬಡಿಸುವವರ ಹಂಗಿಲ್ಲದಂತಹವು. ಮೇಲೆ ಹೇಳಿದ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುವ ತಿನಿಸುಗಳನ್ನು ನಮ್ಮ ಸಣ್ಣ ಉದ್ದಿಮೆದಾರರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಆದರೆ ಒಂದು ಎಚ್ಚರಿಕೆ ಅಗತ್ಯ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಳ್ಳು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕ ಪದಾರ್ಥವಾಗಿದೆ. ಪೊಟ್ಟಣದ ಮೇಲೆ ಅದನ್ನು ಕಡ್ಡಾಯವಾಗಿ ನಮೂದಿಸಬೇಕು. ಚಕ್ಕುಲಿಯಲ್ಲಿ, ನಿಪ್ಪಟ್ಟಿನಲ್ಲಿ, ಚಿಕ್ಕಿಯಲ್ಲಿ ಎಳ್ಳು ಹಾಕುವವರು ಇದನ್ನು ಗಮನಿಸಬೇಕು. ಶೇಂಗಾ, ಗೋಧಿ, ಹಾಲು, ಸೋಯಾ, ಗೋಡಂಬಿಯಂತಹ ಬೀಜಗಳು ಮೊದಲಿನಿಂದಲೂ ಆ ಪಟ್ಟಿಯಲ್ಲಿವೆ. ಆತಿಥೇಯರು ಅತಿಥಿಗಳನ್ನು ಕರೆಯುವಾಗಲೇ ‘ಯಾವುದಾದರೂ ಒಗ್ಗುವುದಿಲ್ಲವೇ’ ಎಂದು ವಿಚಾರಿಸುವುದು ಅಲ್ಲಿನ ರೂಢಿ. ಅವರ ಪ್ರಶ್ನೆಗೆ ಉತ್ತರ ಕೊಡದ ಪೊಟ್ಟಣ ಮೇಜಿನವರೆಗೂ ಬರುವುದಿಲ್ಲ.

ಉಪ್ಪಿನಕಾಯಿಯ ವರ್ಗಕ್ಕೆ ಸೇರುವ, ಆಮ್ಲ ಸೇರಿಸಿ ಸಂರಕ್ಷಿಸಿದ ಆಹಾರದ ಪಿಎಚ್ ಮಟ್ಟ 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬುದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ನಿಯಮ. ತಯಾರಿಕಾ ಘಟಕವನ್ನು ನೋಂದಾಯಿಸಬೇಕು, ಸಂಸ್ಕರಣೆಯ ವಿಧಾನವನ್ನು ಸಲ್ಲಿಸಬೇಕು. 2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆಯ ನಂತರ ವಿದೇಶಿ ತಯಾರಕನ ಸುರಕ್ಷತಾ ಕ್ರಮಗಳನ್ನು ಪರಿಶೀಲಿಸುವ ಹೊಣೆ ಆಮದುದಾರನ ಮೇಲೂ ಬಿದ್ದಿದೆ. ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟಿರುವ ಸಣ್ಣ ಘಟಕ, ದಾಖಲೆ ಇಲ್ಲದ ದೊಡ್ಡ ಘಟಕಕ್ಕಿಂತ ಅವನಿಗೆ ಪ್ರಿಯವಾಗುತ್ತದೆ.

ತಯಾರಕರ ಹಿಮ್ಮುಖ ಪಂಚಾಂಗ

ಆತಿಥೇಯನ ಲೆಕ್ಕ ಭಾನುವಾರದಿಂದ ಶುಕ್ರವಾರಕ್ಕೆ ಹಿಂದೆ ಸರಿದರೆ, ನಮ್ಮ ತಯಾರಕನ ಲೆಕ್ಕ ತಿಂಗಳುಗಟ್ಟಲೆ ಹಿಂದೆ ಸರಿಯುತ್ತದೆ. ಶೀಶೆಯಲ್ಲಿ ತುಂಬಿದ ಮಿಡಿಸೌತೆಯ ಸ್ಥೂಲ ಲೆಕ್ಕ ಹೀಗಿದೆ:

— ಫೆಬ್ರವರಿ ಎರಡನೇ ಭಾನುವಾರ: ಪಂದ್ಯ.
— ಜನವರಿ ಮಧ್ಯಭಾಗ: ಸರಕು ಅಂಗಡಿಯ ಕಪಾಟಿನಲ್ಲಿರಬೇಕು.
— ಡಿಸೆಂಬರ್ ಮೊದಲ ವಾರ: ಆಮದುದಾರನ ಉಗ್ರಾಣದಲ್ಲಿರಬೇಕು. ಆನಂತರ ಕ್ರಿಸ್‌ಮಸ್ ರಜೆಗಳ ಅಡಚಣೆ.
— ಅಕ್ಟೋಬರ್ ಮೊದಲಾರ್ಧ: ಹಡಗು ಹೊರಡಬೇಕು.
— ಆಗಸ್ಟ್-ಸೆಪ್ಟೆಂಬರ್: ಕೊಯ್ಲು, ವರ್ಗೀಕರಣ, ಸಂಸ್ಕರಣೆ, ಪರೀಕ್ಷೆ.
— ಜುಲೈ: ಬಿತ್ತನೆ.
— ಜೂನ್: ಬೆಲೆ ಒಪ್ಪಂದ ಮತ್ತು ಚೀಟಿಯ ವಿನ್ಯಾಸಕ್ಕೆ ಒಪ್ಪಿಗೆ.

ಮುಂಗಾರಿನ ಮಳೆಯಲ್ಲಿ ಬಿತ್ತಿದ ಬೀಜ ಅಮೆರಿಕದ ಚಳಿಗಾಲದ ಮೇಜಿಗೆ ತಲುಪುವ ದಾರಿ ಇಷ್ಟು ಉದ್ದ. ದಾರಿಯಲ್ಲಿ ವಿಘ್ನಗಳೂ ಉಂಟು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಅನೇಕ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಹೋಗಬೇಕಾಗಿ, ಪಯಣಕ್ಕೆ ಸುಮಾರು 10ರಿಂದ 14 ದಿನಗಳು ಹೆಚ್ಚು ಹಿಡಿದವು. ಸುಂಕದ ಅನಿಶ್ಚಿತತೆ ಇನ್ನೊಂದು. 2025ರ ಏಪ್ರಿಲ್‌ನಲ್ಲಿ ಭಾರತದ ಸರಕುಗಳ ಮೇಲೆ ಶೇ. 10ರಷ್ಟಿದ್ದ ಹೆಚ್ಚುವರಿ ಸುಂಕ ಆಗಸ್ಟ್ 7ರಂದು ಶೇ. 25ಕ್ಕೂ, ಆಗಸ್ಟ್ 27ರಂದು ಬಹುತೇಕ ಸರಕುಗಳ ಮೇಲೆ ಶೇ. 50ಕ್ಕೂ ಏರಿತು. ಜೂನ್‌ನಲ್ಲಿ ಬೆಲೆ ಒಪ್ಪಿ, ಜುಲೈನಲ್ಲಿ ಬಿತ್ತಿಸಿ, ಅಕ್ಟೋಬರ್‌ನಲ್ಲಿ ಕಳುಹಿಸುವ ತಯಾರಕನಿಗೆ ಇದರ ಅರ್ಥವೇನೆಂದು ವಿವರಿಸುವ ಅಗತ್ಯವಿಲ್ಲ. ಬೆಳೆ ಹೊಲದಲ್ಲಿರುವಾಗ ಬೆಲೆಯ ಆಧಾರವೇ ಬದಲಾಗುತ್ತದೆ. ರೈತನಿಗೆ ಕೊಟ್ಟ ಮಾತು ಮಾತ್ರ ಬದಲಾಗುವುದಿಲ್ಲ.

ಆದ್ದರಿಂದ ಒಪ್ಪಂದ ಪತ್ರದಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಬೇಕು. ಸುಂಕ ಹೆಚ್ಚಾದರೆ ಅದನ್ನು ಯಾರು, ಯಾವ ಪ್ರಮಾಣದಲ್ಲಿ ಭರಿಸಬೇಕು. ಹಡಗು ತಡವಾದರೆ ಖರೀದಿದಾರ ಸರಕನ್ನು ನಿರಾಕರಿಸಬಹುದೇ. ಅವಧಿ ಮೀರಿದ ಸರಕನ್ನು ಬೇರೆ ಖರೀದಿದಾರನಿಗೆ ಮಾರುವ ಹಕ್ಕು ತಯಾರಕನಿಗಿದೆಯೇ. ಅದಲ್ಲದೆ ಇಡೀ ಉತ್ಪಾದನೆಯನ್ನು ಒಂದು ದಿನಕ್ಕೆ, ಒಂದು ದೇಶಕ್ಕೆ ಕಟ್ಟಿಹಾಕಬಾರದು. ಪಂದ್ಯದ ಚಿತ್ರ ಅಚ್ಚಾದ ಪೊಟ್ಟಣ ಸೋಮವಾರ ಬೆಳಿಗ್ಗೆ ರದ್ದಿಗೆ ಸಮಾನ. ಅದೇ ಸರಕು ಸಾದಾ ಪೊಟ್ಟಣದಲ್ಲಿದ್ದರೆ ವರ್ಷವಿಡೀ ಮಾರಾಟವಾಗುತ್ತದೆ. ಪಂದ್ಯದ ಹೆಸರು, ಲಾಂಛನಗಳು ಲೀಗ್‌ನ ನೋಂದಾಯಿತ ಸ್ವತ್ತಾಗಿರುವುದರಿಂದ ಅನುಮತಿಯಿಲ್ಲದೆ ಬಳಸುವಂತೆಯೂ ಇಲ್ಲ. ಅಲ್ಲಿನ ಅಂಗಡಿಗಳೇ ‘ದೊಡ್ಡ ಪಂದ್ಯ’ ಎಂದು ಬರೆದು ಸುಮ್ಮನಾಗುವುದು ಈ ಕಾರಣದಿಂದ.

ನಮ್ಮೂರ ಅಂಗಡಿಗೂ ಸಲ್ಲುವ ಮಾತು

ರಫ್ತು ಮಾಡದವರಿಗೂ ಇದರಲ್ಲಿ ತಿಳಿಯಬೇಕಾದುದಿದೆ. ನಮ್ಮ ಕಾಲ್ಚೆಂಡಾಟದ ಪಂದ್ಯದ ಗಡಿಯಾರ ಬೇರೆ. 45 ನಿಮಿಷಗಳ ಎರಡು ಅವಧಿಯಲ್ಲಿ ಜಾಹೀರಾತಿನ ನಿಲುಗಡೆಯಿಲ್ಲ. ನಡುವೆ 15 ನಿಮಿಷಗಳ ವಿರಾಮ. ಜನ ಏಳುವುದು ಆ ವಿರಾಮದಲ್ಲಿ. 2022ರ ಡಿಸೆಂಬರ್ 18ರಂದು ಅರ್ಜೆಂಟೀನಾ-ಫ್ರಾನ್ಸ್ ವಿಶ್ವಕಪ್ ಅಂತಿಮ ಪಂದ್ಯ ನಮ್ಮಲ್ಲಿ ರಾತ್ರಿ 8.30ಕ್ಕೆ, ಸರಿಯಾಗಿ ಊಟದ ಹೊತ್ತಿಗೆ ಆರಂಭವಾಯಿತು. ಹೆಚ್ಚುವರಿ ಅವಧಿಯನ್ನೂ ದಾಟಿ ಪೆನಾಲ್ಟಿ ಒದೆತಗಳಲ್ಲಿ ಮುಗಿಯಿತು. ಅಂತಹ ರಾತ್ರಿ ಬಿಸಿ ಬಜ್ಜಿ-ಬೋಂಡಾಕ್ಕೆ ಬೇಡಿಕೆ ಬರುವುದು ಹದಿನೈದು ನಿಮಿಷಗಳಲ್ಲಿ. ಖಾರ, ಚಿಪ್ಸ್, ಸೋಡಾಗಳಿಗೆ ಬರುವುದು ಸಂಜೆಯೇ. ಬೇಕರಿಯವರು, ಕುರುಕಲು ತಿಂಡಿಯವರು, ಸೋಡಾ ತಯಾರಕರು ಪಂದ್ಯದ ವೇಳಾಪಟ್ಟಿಯನ್ನು ಗಲ್ಲಾದ ಪಕ್ಕದಲ್ಲಿ ಅಂಟಿಸಿಕೊಂಡು ಅದರಿಂದ ಹಿಂದಕ್ಕೆ ಎಣಿಸಿದರೆ ಎಷ್ಟು ಕರಿಯಬೇಕು, ಎಷ್ಟು ಕಾಯ್ದಿರಿಸಬೇಕೆಂಬುದು ತಾನೇ ಗೋಚರಿಸುತ್ತದೆ. ಹನ್ನೆರಡು ಜನರಿಗೆ ಸಾಕಾಗುವ ಕುರುಕಲು ತಿಂಡಿ, ಲೋಟ, ಕಾಗದದ ತಟ್ಟೆಗಳನ್ನು ಒಂದೇ ಕಟ್ಟಿನಲ್ಲಿ ಕೊಡುವ ಅಂಗಡಿ, ಮನೆಯವರ ಅರ್ಧ ಯೋಚನೆಯನ್ನು ತಾನೇ ಮಾಡಿಕೊಟ್ಟಂತಾಗುತ್ತದೆ.

ಮನೆಯಲ್ಲಿ ಅತಿಥಿಗಳನ್ನು ಕರೆದವರು ಲೆಕ್ಕ ತಪ್ಪಿದರೆ ಒಂದು ಸಂಜೆ ಕೆಡುತ್ತದೆ. ತಯಾರಕನು ಒಂದು ವಾರ ತಪ್ಪಿದರೆ ಒಂದು ವರ್ಷ ಕೆಡುತ್ತದೆ. ಆ ವರ್ಷದೊಳಗೆ ಅವನ ಸಾಲದ ಕಂತು, ಕಾರ್ಮಿಕರ ವೇತನ, ಬಿತ್ತಿದ ರೈತನ ಬಾಕಿ ಎಲ್ಲವೂ ಅಡಗಿವೆ. ಮುಂದಿನ ಫೆಬ್ರವರಿಯ ಎರಡನೇ ಭಾನುವಾರ ಯಾವ ದಿನಾಂಕಕ್ಕೆ ಬೀಳುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಇಂದೇ ಗುರುತಿಸಿಕೊಳ್ಳುವುದು ಲೇಸು.